ಮೊದಲು ಅಂದಾಜು ಬರೆಯಿರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಚಕ್ಕುಲಿ ಮಾಡಿ ಮಾರುವವರು, ಸೀರೆಗೆ ಕುಚ್ಚು ಕಟ್ಟುವವರು, ಗೊಂಬೆ ಮಾಡುವವರು, ಹೀಗೆ ಎಷ್ಟೋ ಜನ ಈಗ ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಗಿರಾಕಿ ಹುಡುಕುತ್ತಿದ್ದಾರೆ. ಮೊದಲು ಸುಮ್ನೆ ಒಂದು ಫೋಟೋ ಹಾಕುತ್ತಾರೆ. ಆಮೇಲೆ ಅದು ಹೆಚ್ಚು ಜನರಿಗೆ ಕಾಣಲಿ ಅಂತ 'ಬೂಸ್ಟ್' ಗುಂಡಿ ಒತ್ತಿ ದುಡ್ಡು ಕಟ್ಟುತ್ತಾರೆ. ಲೈಕ್ ಬರುತ್ತವೆ, ಆರ್ಡರ್ ಬರುವುದಿಲ್ಲ. ತಪ್ಪಾಗಿದ್ದು ಎಲ್ಲಿ ಅಂತ ತಿಳಿಯುವಷ್ಟರಲ್ಲಿ ದುಡ್ಡು ಖಾಲಿ.

ದುಡ್ಡು ಕಳೆದುಕೊಳ್ಳದೆಯೂ ಇದನ್ನು ಕಲಿಯಬಹುದು. ಅದಕ್ಕೆ ಸಿಮ್ಯುಲೇಷನ್ ಎನ್ನುತ್ತಾರೆ, ಅಣಕು ವ್ಯಾಪಾರ ಎಂದುಕೊಳ್ಳಿ. ಅಮೆರಿಕದ ಎಡ್ವಿನ್ ಲಿಂಕ್ 1929ರಲ್ಲೇ, ನೆಲದ ಮೇಲೆ ಕೂತು ವಿಮಾನ ನಡೆಸಲು ಕಲಿಯುವ ಯಂತ್ರ ಮಾಡಿದ್ದರು. 1950ರ ದಶಕದಲ್ಲಿ ಅದೇ ದೇಶದಲ್ಲಿ ಕಂಪನಿ ನಡೆಸುವವರಿಗೂ ಇಂಥ ಆಟ ಬಂತು. ಆಮೇಲೆ ಅಲ್ಲಿನ ಕಾಲೇಜುಗಳಿಗೆ 'ಮಿಮಿಕ್ ಸೋಷಿಯಲ್' ಎಂಬ ಸಾಫ್ಟ್‌ವೇರ್ ಬಂತು. ಅದರಲ್ಲಿ ಬುಹಿ ಎಂಬ ಕಲ್ಪಿತ ಬ್ಯಾಗ್ ಕಂಪನಿ. ವಿದ್ಯಾರ್ಥಿಯ ಕೈಗೆ ಸುಳ್ಳು ಹಣ ಕೊಡುತ್ತಾರೆ. ಏನು ಬರೆಯಬೇಕು, ಯಾರಿಗೆ ತೋರಿಸಬೇಕು, ಯಾವ ಹೊತ್ತಿಗೆ ಹಾಕಬೇಕು, ಎಷ್ಟು ಖರ್ಚು ಮಾಡಬೇಕು, ಎಲ್ಲ ವಿದ್ಯಾರ್ಥಿಯದೇ ತೀರ್ಮಾನ. ಸುತ್ತು ಮುಗಿದ ಮೇಲೆ ಲೆಕ್ಕ ಬರುತ್ತದೆ.

ಆ ಲೆಕ್ಕ ಓದಲು ಬರಬೇಕು, ಅದೇ ಮುಖ್ಯ. ಒಂದು ಉದಾಹರಣೆ ನೋಡೋಣ. ಚನ್ನಪಟ್ಟಣದ ಗೊಂಬೆ ಸೆಟ್ ಒಂದಕ್ಕೆ ಬೆಲೆ 600 ರೂಪಾಯಿ, ಅಸಲು 350. ಜಾಹೀರಾತಿಗೆ 5,000 ಹಾಕಿದಿರಿ. ಅದು 50,000 ಸಲ ಕಣ್ಣಿಗೆ ಬಿತ್ತು, 1,000 ಲೈಕ್ ಬಂತು, 500 ಜನ ಒತ್ತಿ ಒಳಗೆ ಬಂದರು, ಕೊಂಡವರು 10 ಜನ. ಲೈಕ್ ನೋಡಿದರೆ ಖುಷಿಯಾಗುತ್ತದೆ, ಅಲ್ವಾ? ಆದರೆ ಒಂದೊಂದು ಸೆಟ್ ಮಾರಲು ಜಾಹೀರಾತಿಗೇ 500 ರೂಪಾಯಿ ಖರ್ಚಾಗಿದೆ, ಬೆಲೆಯಲ್ಲಿ ಅಸಲು ಕಳೆದರೆ ಉಳಿಯುವುದು 250. ಅಂದರೆ ಸೆಟ್‌ಗೆ 250 ರೂಪಾಯಿ ನಷ್ಟ.

ಇನ್ನೊಂದು ಮಾತು. 500 ಜನ ಒಳಗೆ ಬಂದಿದ್ದಾರೆ ಎಂದರೆ ಫೋಟೋ ಚೆನ್ನಾಗೇ ಇದೆ. ಅಲ್ಲಿಂದ ಖಾಲಿ ಕೈಯಲ್ಲಿ ವಾಪಸ್ ಹೋದರು. ಹಾಗಾದರೆ ತೊಡಕು ಬೆಲೆಯಲ್ಲೋ, ಕೊರಿಯರ್ ಖರ್ಚಿನಲ್ಲೋ, ಆರ್ಡರ್ ಮಾಡುವ ಕಷ್ಟದಲ್ಲೋ ಇರಬಹುದು. ಒಳಗೆ ಬಂದವರೇ 50 ಜನ ಆಗಿದ್ದರೆ, ಫೋಟೋವನ್ನೋ ನೋಡುವವರನ್ನೋ ಬದಲಿಸಬೇಕಿತ್ತು. ಫೇಸ್‌ಬುಕ್‌ಗೆ ನೀವು ಯಾವ ಗುರಿ ಹೇಳುತ್ತೀರೋ ಅದು ಅಂಥವರನ್ನೇ ಹುಡುಕುತ್ತದೆ. ಲೈಕ್, ಕಾಮೆಂಟ್ ಬೇಕೆಂದರೆ ಅದನ್ನೇ ಜಾಸ್ತಿ ಮಾಡುವವರಿಗೆ ತೋರಿಸುತ್ತದೆ. ಅವರೆಲ್ಲ ಕೊಳ್ಳುವವರೇ ಆಗಿರಬೇಕಿಲ್ಲ.

ಸಾಫ್ಟ್‌ವೇರ್ ಇಲ್ಲದಿದ್ದರೂ ಚಿಂತೆಯಿಲ್ಲ. ನನಗಂತೂ ಚೀಟಿ ಆಟವೇ ಹೆಚ್ಚು ಇಷ್ಟ, ಯಾಕೆಂದರೆ ಗಿರಾಕಿ ಯಾರೆಂದು ಅದರಲ್ಲಿ ನಾವೇ ಯೋಚಿಸಬೇಕಾಗುತ್ತದೆ. ಸಂಘದ ಸಭೆಯಲ್ಲೋ ತರಗತಿಯಲ್ಲೋ ಇಪ್ಪತ್ತು ಚೀಟಿ ಮಾಡಿ. ಒಂದೊಂದರಲ್ಲೂ ಒಬ್ಬ ಗಿರಾಕಿ. 'ಮೈಸೂರಿನ ಕಾಲೇಜು ಹುಡುಗಿ, ರಾತ್ರಿ ಹತ್ತರ ಮೇಲೆ ಇನ್‌ಸ್ಟಾ ನೋಡುತ್ತಾಳೆ, 300 ರೂಪಾಯಿ ಮೀರುವುದಿಲ್ಲ.' 'ಹಾಸನದ ತಾತ, ಬೆಳಿಗ್ಗೆ ವಾಟ್ಸ್‌ಆ್ಯಪ್ ಮಾತ್ರ, ಮೊಮ್ಮಗನಿಗೆ ಏನಾದರೂ ಕೊಡಿಸಬೇಕು.' ಒಂದು ತಂಡ ಪೋಸ್ಟ್ ಬರೆದು ಓದಲಿ, ಎಲ್ಲಿ, ಎಷ್ಟು ಹೊತ್ತಿಗೆ ಹಾಕುತ್ತೇವೆಂದು ಹೇಳಲಿ. ಚೀಟಿ ಹಿಡಿದವರು ಆ ಗಿರಾಕಿಯಾಗಿ ಯೋಚಿಸಿ ಕೈ ಎತ್ತಲಿ. ಕಣ್ಣಿಗೆ ಬಿತ್ತೇ? ನಿಂತು ನೋಡಿದೆನೇ? ಕೊಳ್ಳುತ್ತೇನೆಯೇ? ಪೋಸ್ಟ್ ಇನ್‌ಸ್ಟಾದಲ್ಲಿ ಮಾತ್ರ ಹಾಕಿ, ತಾತನ ಚೀಟಿ ಹಿಡಿದವರು ಕೈ ಎತ್ತದೆ ಕೂತಾಗ, ಕೊಳ್ಳುವ ಮನಸ್ಸಿದ್ದವರಿಗೇ ಪೋಸ್ಟ್ ತಲುಪಲಿಲ್ಲ ಎಂದು ಎಲ್ಲರಿಗೂ ಕಾಣುತ್ತದೆ.

ಒಂದು ನಿಯಮ ಮಾತ್ರ ಬಿಡಬೇಡಿ. ಕೈ ಎತ್ತಿಸುವ ಮೊದಲು ತಂಡ ತನ್ನ ಅಂದಾಜು ಬರೆದಿಡಬೇಕು. ಎಷ್ಟು ಜನ ನೋಡುತ್ತಾರೆ, ಎಷ್ಟು ಜನ ಕೊಳ್ಳುತ್ತಾರೆ, ಯಾಕೆ. ಬರೆಯದಿದ್ದರೆ ಫಲಿತಾಂಶ ಬಂದ ಮೇಲೆ 'ನನಗೆ ಮೊದಲೇ ಗೊತ್ತಿತ್ತು' ಅನಿಸಿಬಿಡುತ್ತದೆ. ಬರೆದಿದ್ದರೆ ಹಾಗನ್ನಲು ಆಗುವುದಿಲ್ಲ. ಅಂದಾಜಿಗೂ ಬಂದ ಲೆಕ್ಕಕ್ಕೂ ಎಷ್ಟು ಅಂತರ ಇದೆಯೋ, ಮುಂದಿನ ಸುತ್ತಿಗೆ ಅಲ್ಲಿಂದಲೇ ಕಲಿಯುವುದು.

ನಡುವೆ ಒಂದು ಸುತ್ತಿನಲ್ಲಿ ಇನ್‌ಸ್ಟಾಗ್ರಾಂನಂಥ ಒಂದು ವೇದಿಕೆಯನ್ನೇ ಆಟದಿಂದ ತೆಗೆದುಹಾಕಿ. ಇದು ಬರೀ ಕಲ್ಪನೆಯಲ್ಲ. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ನಿಷೇಧಿಸಿತು. ಅದೊಂದನ್ನೇ ನಂಬಿದ್ದವರಿಗೆ ತಮ್ಮ ನೋಡುಗರನ್ನು ತಲುಪುವ ದಾರಿಯೇ ಮುಚ್ಚಿತು. ಗಿರಾಕಿಗಳ ಫೋನ್ ನಂಬರನ್ನು, ಅವರ ಒಪ್ಪಿಗೆ ಪಡೆದು, ಬರೆದಿಟ್ಟುಕೊಂಡ ತಂಡ ಈ ಸುತ್ತಿನಲ್ಲಿ ಉಳಿದುಕೊಳ್ಳುತ್ತದೆ.

ಅಣಕು ಆಟದಲ್ಲಿ ಸಿಗದ ಒಂದು ಸಂಗತಿ ಇದೆ. ಒಡೆದ ಗೊಂಬೆ ಕೈಗೆ ಬಂದವರ ಸಿಟ್ಟು. ಅದಕ್ಕೆ ಎಲ್ಲರ ಎದುರು ಉತ್ತರ ಬರೆಯುವುದು ನಿಜವಾದ ಪುಟದಲ್ಲೇ ರೂಢಿಯಾಗಬೇಕು. ಅಲ್ಲಿಗೆ ಇಳಿದಾಗ ಸಣ್ಣ ಮೊತ್ತದಿಂದ ಶುರು ಮಾಡಿ. ಎರಡು ಪೋಸ್ಟ್ ಹಾಕಿ, ಎರಡರ ನಡುವೆ ಒಂದೇ ಒಂದು ವ್ಯತ್ಯಾಸ ಇಡಿ, ಫೋಟೋ ಬೇರೆಯಾದರೆ ಬೆಲೆ ಅದೇ ಇರಲಿ. ದುಡ್ಡು ಕಟ್ಟುವ ಮೊದಲು ಇಲ್ಲಿಯೂ ಅಂದಾಜು ಬರೆದಿಡಿ.

ನಮಸ್ಕಾರ.