ಹದಿನೈದು ಗೆರೆಯ ಪದ

ಕೇಳುಗರೆ, ನಮಸ್ಕಾರ.

ಮನೆಯಲ್ಲಿ ಯಾರದಾದರೂ ಹಳೇ ಡಿಗ್ರಿ ಸರ್ಟಿಫಿಕೇಟ್ ಇದ್ದರೆ ಒಮ್ಮೆ ತೆಗೆದು ನೋಡಿ. ಎಷ್ಟೋ ಸರ್ಟಿಫಿಕೇಟುಗಳಲ್ಲಿ ಮೇಲಿನ ಹೆಸರು ದಪ್ಪಗೆ, ಕಪ್ಪಗೆ, ಮೊನೆಮೊನೆಯಾದ ಇಂಗ್ಲಿಷ್ ಅಕ್ಷರದಲ್ಲಿರುತ್ತದೆ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹೆಸರೂ ಇದೇ ಜಾತಿಯ ಅಕ್ಷರದ್ದು. ಇದಕ್ಕೆ ಬ್ಲ್ಯಾಕ್‌ಲೆಟರ್ ಅಂತಾರೆ. ನನಗೆ ಬಹಳ ಇಷ್ಟದ ಅಕ್ಷರ.

ಇದು ಹುಟ್ಟಿದ್ದು ಲೇಖನಿಯ ತುದಿಯಲ್ಲಿ. ಯುರೋಪಿನಲ್ಲಿ ಹಕ್ಕಿಯ ಗರಿಯನ್ನು ಚಪ್ಪಟೆಯಾಗಿ ಕತ್ತರಿಸಿ ಬರೆಯುತ್ತಿದ್ದರು. ಕೆಳಕ್ಕೆ ಎಳೆದರೆ ದಪ್ಪ ಗೆರೆ, ಓರೆಯಾಗಿ ಜಾರಿಸಿದರೆ ಕೂದಲಿನಷ್ಟು ಸಣ್ಣದು. ದುಂಡಗೆ ತಿರುಗಬೇಕಾದ ಕಡೆ ಗೆರೆ ಮುರಿದು ಮೂಲೆಯಾಗುತ್ತಿತ್ತು. 1455ರ ಹೊತ್ತಿಗೆ ಜರ್ಮನಿಯ ಮೈಂಟ್ಸ್ ಊರಿನಲ್ಲಿ ಗುಟೆನ್‌ಬರ್ಗ್ ಬೈಬಲ್ ಅಚ್ಚು ಹಾಕಿದಾಗ, ಈ ಕೈಬರಹವೇ ಅಚ್ಚಿನ ಮೊಳೆಯಾಯಿತು, ಅಂದರೆ ಲೋಹದಲ್ಲಿ ಎರಕ ಹೊಯ್ದ ಅಕ್ಷರವಾಯಿತು. ಅದರ ಹೆಚ್ಚಿನ ಪುಟಗಳಲ್ಲಿ ಎರಡು ಕಾಲಂ, ಕಾಲಂಗೆ 42 ಸಾಲು. ತುಸು ದೂರದಿಂದ ನೋಡಿದರೆ ಮಗ್ಗದ ಮೇಲಿನ ಬಟ್ಟೆಯಂತೆ ಕಾಣುತ್ತದೆ. ಈ ಬಗೆಯ ಹೆಸರೇ ಟೆಕ್ಸ್ಚುರಾ, ಅಂದರೆ ನೇಯ್ಗೆ.

ಈಗ ಕೈಗೊಂದು ಕಾಗದ ತಗೊಳ್ಳಿ. ಚಪ್ಪಟೆ ತುದಿಯ ಸ್ಕೆಚ್ ಪೆನ್ ಇದ್ದರೆ ಇನ್ನೂ ಒಳ್ಳೇದು. ಅದನ್ನು ಓರೆಯಾಗಿ ಹಿಡಿದು, ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ 'ಮಿನಿಮಮ್' ಅಂತ ಬರೆಯಿರಿ. ಎಂಗೆ ಮೂರು ನಿಂತ ಗೆರೆ, ಐಗೆ ಒಂದು, ಎನ್‌ಗೆ ಎರಡು, ಯುಗೂ ಎರಡು. ಪೂರ್ತಿ ಪದಕ್ಕೆ ಒಟ್ಟು ಹದಿನೈದು ಗೆರೆ, ಬೇಲಿಯ ಗೂಟಗಳ ಹಾಗೆ. ಯಾವುದು ಎಲ್ಲಿ ಮುಗಿಯಿತು ಅಂತ ಗೊತ್ತೇ ಆಗುವುದಿಲ್ಲ, ಅಲ್ವಾ? ಇದನ್ನು ಬಿಡಿಸಲೆಂದೇ ಬರೆಯುವವರು ಐ ಮೇಲೆ ಸಣ್ಣ ಗುರುತು ಹಾಕತೊಡಗಿದರು. ಇವತ್ತು ನಾವು ಹಾಕುವ ಚುಕ್ಕೆ ಅದೇ.

ಈ ಅಕ್ಷರವನ್ನು ಬರೀ ಅಂದಕ್ಕಾಗಿ ದೊಡ್ಡದಾಗಿ ಹಾಕಿದರೆ ಹೇಗಿರುತ್ತದೆ ಅಂತ ತೋರಿಸಿಕೊಟ್ಟವರು ಜರ್ಮನಿಯ ಅಕ್ಷರ ವಿನ್ಯಾಸಕಾರ ರುಡಾಲ್ಫ್ ಕೋಖ್. ಆಫೆನ್‌ಬಾಖ್ ಊರಿನ ಕ್ಲಿಂಗ್‌ಸ್ಪೋರ್ ಅಚ್ಚುಮೊಳೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. 1920ರ ದಶಕದಲ್ಲಿ ಮಾಡಿದ ಒಂದು ಟೆಕ್ಸ್ಚುರಾಕ್ಕೆ ಮಾಲೀಕರಲ್ಲೊಬ್ಬರಾದ ವಿಲ್ಹೆಲ್ಮ್ ಕ್ಲಿಂಗ್‌ಸ್ಪೋರ್ ಹೆಸರನ್ನೇ ಇಟ್ಟರು. ಗಟ್ಟಿಮುಟ್ಟಾದ ಕಪ್ಪು ಕಂಬಗಳು, ಪಕ್ಕದಲ್ಲೇ ಎಳೆ ಎಳೆಯಾದ ಗೆರೆಗಳು. ಸಣ್ಣದಾಗಿ ಅಚ್ಚು ಹಾಕಿದರೆ ಆ ಎಳೆಗಳು ಕಳೆದುಹೋಗುತ್ತವೆ. ದೊಡ್ಡದಾಗಿ ಹಾಕಿದಾಗ ಮಾತ್ರ ಅವು ಉಸಿರಾಡುತ್ತವೆ.

ಒಂದು ನೋವಿನ ಮಾತೂ ಇದೆ. ಬ್ಲ್ಯಾಕ್‌ಲೆಟರನ್ನು ಮೊದಲು ಜರ್ಮನ್ ಹೆಮ್ಮೆ ಅಂತ ಮೆರೆಸಿದ ನಾಜಿಗಳೇ, 1941ರ ಜನವರಿಯಲ್ಲಿ ಅದು ಯಹೂದಿಗಳ ಅಕ್ಷರ ಅಂತ ಸುಳ್ಳು ಹೇಳಿ ಕೈಬಿಟ್ಟರು. ಆದರೂ ಇವತ್ತಿಗೂ ಅದನ್ನು ಕಂಡರೆ ನಾಜಿಗಳನ್ನೇ ನೆನೆಯುವವರು ಜಾಸ್ತಿ. ನೂರಾರು ವರ್ಷದ ಕೈಕೆಲಸಕ್ಕೆ ನಾಜಿಗಳ ಹನ್ನೆರಡು ವರ್ಷದ ಆಳ್ವಿಕೆಯ ಮಸಿ ಮೆತ್ತಿಕೊಂಡಿತು.

ನಿಮ್ಮ ಮನೆಯ ಮದುವೆ ಕಾಗದಕ್ಕೆ ಈ ಅಕ್ಷರ ಬೇಕು ಅನ್ನಿಸಿದರೆ ವಧೂವರರ ಹೆಸರಿಗೆ ಮಾತ್ರ ಹಾಕಿಸಿ, ದೊಡ್ಡದಾಗಿ. ಪೂರ್ತಿ ಕ್ಯಾಪಿಟಲ್ ಬೇಡ, ಒಂದನ್ನೂ ಓದಲಾಗುವುದಿಲ್ಲ. ಮುಹೂರ್ತದ ಗಂಟೆ, ಕಲ್ಯಾಣ ಮಂಟಪದ ವಿಳಾಸ ಸಾದಾ ಅಕ್ಷರದಲ್ಲೇ ಇರಲಿ. ಬರುವವರು ದಾರಿ ಹುಡುಕಬೇಕಲ್ಲ.

ನಮಸ್ಕಾರ.