ರಿಮೋಟ್ ಒತ್ತಿದರೆ ಕರೆಂಟ್ ನಿಲ್ಲುವುದಿಲ್ಲ

ಬಡಾವಣೆಯ ಹಿರಿಯರೇ, ತಾಯಂದಿರೇ, ಗೆಳೆಯರೇ,

ಶಿವನಸಮುದ್ರದಲ್ಲಿ 1902ರಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆದಾಗ ಅದು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಮೈಸೂರಿನ ಸರದಿ ಬಂದದ್ದು ಅದಾದ ಮೇಲೆ. ಹಾಗೆ ಕಾದು ಪಡೆದ ಕರೆಂಟು ಇಂದು ನಾವು ಮಲಗಿರುವಾಗಲೂ ನಮ್ಮ ಮನೆಗಳಲ್ಲಿ ಸುಮ್ಮನೆ ಸೋರುತ್ತಿದೆ.

ಕಳೆದ ತಿಂಗಳು ಒಂದು ರಾತ್ರಿ ನಮ್ಮ ಮನೆಯ ದೀಪ, ಫ್ಯಾನು, ಫ್ರಿಜ್ಜುಗಳನ್ನೆಲ್ಲ ಆರಿಸಿ, ಉಳಿದವನ್ನು ಎಂದಿನಂತೆ ಬಿಟ್ಟು, ಟಾರ್ಚ್ ಹಿಡಿದು ಮೀಟರಿನ ಮುಂದೆ ನಿಂತೆ. ಅದರ ಮೇಲೆ ಯೂನಿಟ್ಟಿಗೆ 3200 ಮಿನುಗು ಎಂದು ಬರೆದಿದೆ. ಹತ್ತು ನಿಮಿಷದಲ್ಲಿ ಆ ಕೆಂಪು ದೀಪ 20 ಬಾರಿ ಮಿನುಗಿತು. ಲೆಕ್ಕ ಹಾಕಿದರೆ ಸುಮಾರು 37 ವಾಟ್, ತಿಂಗಳಿಗೆ 27 ಯೂನಿಟ್. ಅದೂ ಯಾರೂ ಏನನ್ನೂ ಬಳಸದೆ!

ಇದರಲ್ಲಿ ಒಂದು ದೊಡ್ಡ ಪಾಲು ಸೆಟ್‌ಟಾಪ್ ಬಾಕ್ಸಿನದು. ರಿಮೋಟ್ ಒತ್ತಿದಾಗ ಟಿವಿಯ ಪರದೆ ಕಪ್ಪಾಗುತ್ತದೆಯೇ ಹೊರತು, ಸಿಗ್ನಲ್ಲಿಗಾಗಿ ಎಚ್ಚರವಾಗಿಯೇ ಇರುವ ಪೆಟ್ಟಿಗೆ ಹೆಚ್ಚುಕಡಿಮೆ ಮೊದಲಿನಷ್ಟೇ ಕರೆಂಟನ್ನು ಎಳೆಯುತ್ತಿರುತ್ತದೆ. ಬೆಳಗ್ಗೆ ಕಾಫಿಗೆ ಎದ್ದಾಗ ಅದರ ಮೇಲೆ ಅಂಗೈ ಇಟ್ಟು ನೋಡಿ, ಬೆಚ್ಚಗಿರುತ್ತದೆ. ಹತ್ತು ವಾಟಿನ ಪೆಟ್ಟಿಗೆ ದಿನಕ್ಕೆ 20 ಗಂಟೆ ಹೀಗೆ ಇದ್ದರೆ ತಿಂಗಳಿಗೆ ಆರು ಯೂನಿಟ್. ಆದರೆ ನಾವು ಮಕ್ಕಳನ್ನು ಗದರುವುದು ಪ್ಲಗ್ಗಿನಲ್ಲಿ ಮರೆತ ಮೊಬೈಲ್ ಚಾರ್ಜರಿಗಾಗಿ! ಈಗಿನ ಒಳ್ಳೆಯ ಚಾರ್ಜರ್ ಫೋನಿಲ್ಲದಾಗ ಕಾಲು ವಾಟನ್ನೂ ತಿನ್ನುವುದಿಲ್ಲ. ವರ್ಷಪೂರ್ತಿ ಸಿಕ್ಕಿಸಿಟ್ಟರೂ ಎರಡು ಯೂನಿಟ್ಟಿನ ಆಸುಪಾಸು.

ಗೀಸರಿನದು ಬೇರೆ ಕಥೆ. ಸ್ವಿಚ್ ಹಾಕಿಯೇ ಬಿಟ್ಟರೆ ನೀರು ಆರಿದಂತೆಲ್ಲ ಅದು ತಾನೇ ಮತ್ತೆ ಕಾಯಿಸುತ್ತದೆ.

"ಗೃಹಜ್ಯೋತಿಯಲ್ಲಿ ಬಿಲ್ಲೇ ಸೊನ್ನೆ, ಈ ಲೆಕ್ಕವೇಕೆ?" ಎಂದು ಕೇಳುವವರಿದ್ದಾರೆ. 2023ರಲ್ಲಿ ಬಂದ ಆ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಬೇಸಿಗೆಯಲ್ಲಿ ಹಗಲಿರುಳು ಫ್ಯಾನು ತಿರುಗುವ ಮನೆಗೆ ಆ ಗೆರೆಯನ್ನು ದಾಟಿಸಲು ಈ 27 ಯೂನಿಟ್ಟೇ ಸಾಕಾದೀತು.

ನಮ್ಮ ಗೋಡೆಯ ಪ್ಲಗ್ಗುಗಳಿಗೆಲ್ಲ ಸ್ವಿಚ್ ಇರುವುದು ಒಂದು ಭಾಗ್ಯ. ಎಷ್ಟೋ ದೇಶಗಳಲ್ಲಿ ಪ್ಲಗ್ಗನ್ನೇ ಕೀಳಬೇಕು. ನಮ್ಮ ಮನೆಯಲ್ಲಾದರೋ ಬಡಗಿ ಮಾಡಿಕೊಟ್ಟ ಅಂದದ ಶೋಕೇಸು ಟಿವಿಯ ಆ ಸ್ವಿಚ್ಚನ್ನೇ ಬೆನ್ನ ಹಿಂದೆ ಮುಚ್ಚಿಬಿಟ್ಟಿತ್ತು. ಹದಿನಾಲ್ಕು ವರ್ಷ ಯಾರ ಕೈಯೂ ಅಲ್ಲಿಗೆ ಹೋಗಿರಲಿಲ್ಲ. ಎಲೆಕ್ಟ್ರಿಷಿಯನ್ನರನ್ನು ಕರೆಸಿ, ಟಿವಿ, ಸೆಟ್‌ಟಾಪ್ ಬಾಕ್ಸು, ಸ್ಪೀಕರುಗಳನ್ನು ಒಂದೇ ಬೋರ್ಡಿಗೆ ಸೇರಿಸಿ, ಅದರ ಸ್ವಿಚ್ಚನ್ನು ಶೋಕೇಸಿನ ಪಕ್ಕಕ್ಕೆ ತರಿಸಿದೆವು. ಬೆಳಗ್ಗೆ ಚಾನೆಲ್ ಬರಲು ಎರಡು ನಿಮಿಷ ತಡವಾಗುತ್ತದೆಂದು ಅಮ್ಮನ ಆಕ್ಷೇಪಣೆ ಇನ್ನೂ ಇದೆ, ಅದು ನ್ಯಾಯವೂ ಹೌದು. ಆದರೆ ಮೊನ್ನೆ ರಾತ್ರಿ ಮತ್ತೆ ಮೀಟರಿನ ಮುಂದೆ ನಿಂತಾಗ ಹತ್ತು ನಿಮಿಷಕ್ಕೆ ಏಳೇ ಮಿನುಗು. ಉಳಿದಿರುವುದು ವೈಫೈ ಮತ್ತು ಯುಪಿಎಸ್.