ಒಂದು ಆ್ಯಪ್ ನಿಂತಿದ್ದಕ್ಕೆ ಟ್ವಿಟರ್ ಅನ್ನೇ ಬಿಟ್ಟರಾ?

ನಮಸ್ಕಾರ. 2023ರಲ್ಲಿ ಟ್ವಿಟರ್ (ಈಗಿನ ಎಕ್ಸ್), ಅದನ್ನು ನೋಡಲು ಹೊರಗಿನವರು ಮಾಡಿದ್ದ ಆ್ಯಪ್‌ಗಳನ್ನು ನಿಲ್ಲಿಸಿಬಿಟ್ಟಿತು. ಅದರ ಬಗ್ಗೆ ತುಂಬಾ ಜನ ಕೇಳುವ ಪ್ರಶ್ನೆ ಇದು. ಒಂದು ಆ್ಯಪ್ ಹೋದರೆ ಇನ್ನೊಂದು ಹಾಕಿಕೊಂಡರಾಯಿತು, ಅಷ್ಟಕ್ಕೇ ಟ್ವಿಟರ್ ಬಿಡುತ್ತಾರಾ? ಬಿಟ್ಟರು. ಯಾಕೆ ಅಂತ ನೋಡೋಣ.

[ಪರದೆಯ ಮೇಲೆ: 12 ಜನವರಿ 2023]

ಅಮೆರಿಕದಲ್ಲಿ ರಾತ್ರಿ. ಟ್ವೀಟ್‌ಬಾಟ್, ಟ್ವಿಟರಿಫಿಕ್ ಅನ್ನೋ ಹೊರಗಿನ ಆ್ಯಪ್‌ಗಳನ್ನು ಬಳಸುವವರಿಗೆ ಇದ್ದಕ್ಕಿದ್ದಂತೆ ಏನೂ ತೆರೆಯುತ್ತಿಲ್ಲ. ಆ್ಯಪ್ ಮಾಡಿದವರಿಗೂ ಕಾರಣ ಗೊತ್ತಿಲ್ಲ, ಮೊದಲೇ ಯಾರೂ ತಿಳಿಸಿರಲಿಲ್ಲ. ಐದು ದಿನ ಬಿಟ್ಟು, ಹಳೇ ನಿಯಮಗಳನ್ನೇ ಜಾರಿ ಮಾಡುತ್ತಿದ್ದೇವೆ ಅಂತ ಟ್ವಿಟರ್ ಹೇಳಿತು. ಯಾವ ನಿಯಮ ಅಂತ ಹೇಳಲಿಲ್ಲ. 19ನೇ ತಾರೀಖು, ಆ್ಯಪ್ ಮಾಡುವವರು ಒಪ್ಪಬೇಕಾದ ಡೆವಲಪರ್ ಒಪ್ಪಂದದಲ್ಲಿ ಹೊಸ ಸಾಲೊಂದು ಸೇರಿತು: ನಮ್ಮ ಆ್ಯಪ್‌ಗೆ ಬದಲಿಯಾಗುವಂಥದ್ದನ್ನು ಯಾರೂ ಮಾಡುವಂತಿಲ್ಲ.

ಈ ಆ್ಯಪ್‌ಗಳು ನಡೆಯುತ್ತಿದ್ದದ್ದು ಎಪಿಐ ಮೂಲಕ. ಹಾಗಂದರೇನು ಅಂತ ಬೇಗ ಹೇಳಿಬಿಡುತ್ತೇನೆ. ಹೊರಗಿನ ಆ್ಯಪ್‌ಗಳು ಟ್ವಿಟರ್‌ನಿಂದ ಟ್ವೀಟ್ ಕೇಳಿ ಪಡೆಯುವ ದಾರಿ ಅದು. ಹಾಲು ಒಂದೇ ಡೈರಿಯದು, ಕಾಫಿ ಮಾಡುವ ಕೈ ಬೇರೆ. ಈ ಆ್ಯಪ್‌ಗಳಲ್ಲಿ ಟ್ವಿಟರ್‌ನ ಜಾಹೀರಾತು ಬರುತ್ತಿರಲಿಲ್ಲ. ಟ್ವೀಟ್‌ಗಳು ಬಂದ ಕ್ರಮದಲ್ಲೇ ಕಾಣುತ್ತಿದ್ದವು. ಬಳಸುವವರಿಗೆ ಬೇಕಾಗಿದ್ದೇ ಅದು, ಕಂಪನಿಗೆ ಕಣ್ಣು ಕುಕ್ಕಿದ್ದೂ ಅದೇ. 2012ರಲ್ಲೇ ಇಂಥ ಹೊಸ ಆ್ಯಪ್‌ಗಳಿಗೆ 1 ಲಕ್ಷ ಬಳಕೆದಾರರ ಮಿತಿ ಹಾಕಿದ್ದರು.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಫೋನ್ ತಗೊಳ್ಳಿ. ಮೇಲ್ ಆ್ಯಪ್ ತೆರೆಯಿರಿ. ಪಟ್ಟಿಯ ಮೇಲ್ತುದಿಗೆ ಹೋಗಿ, ಬೆರಳಿಟ್ಟು ಕೆಳಗೆ ಎಳೆದು ಬಿಡಿ. ಸಣ್ಣ ಚಕ್ರ ತಿರುಗುತ್ತೆ, ಹೊಸ ಮೇಲ್ ಬರುತ್ತೆ. ಅಲ್ವಾ? ದಿನಕ್ಕೆ ಎಷ್ಟು ಸಲ ಹೀಗೆ ಎಳೆಯುತ್ತೇವೋ ಲೆಕ್ಕವೇ ಇಲ್ಲ. ಇದನ್ನು ಜನಪ್ರಿಯ ಮಾಡಿದ್ದು ಟ್ವೀಟೀ ಅನ್ನೋ ಆ್ಯಪ್. ಮಾಡಿದವರು ಲಾರೆನ್ ಬ್ರಿಕ್ಟರ್, ಟ್ವಿಟರ್‌ನ ಹೊರಗಿನವರು. ಹೊಸ ಟ್ವೀಟ್ ನೋಡಲು ಹೇಗೂ ಪಟ್ಟಿಯ ಮೇಲಕ್ಕೆ ಹೋಗುತ್ತೇವೆ, ಅಲ್ಲೇ ಇನ್ನೂ ಸ್ವಲ್ಪ ಎಳೆದರೆ ಸಾಕು, ಬೇರೆ ಬಟನ್ ಬೇಡ. ಎಂಥ ತಲೆ ನೋಡಿ! 2010ರಲ್ಲಿ ಟ್ವಿಟರ್ ಆ ಆ್ಯಪ್ಪನ್ನೇ ಕೊಂಡು, ಅದನ್ನೇ ಐಫೋನಿಗೆ ತನ್ನ ಅಧಿಕೃತ ಆ್ಯಪ್ ಮಾಡಿಕೊಂಡಿತು. ಅಲ್ಲಿವರೆಗೆ ಅದಕ್ಕೆ ಐಫೋನಿನಲ್ಲಿ ಸ್ವಂತ ಆ್ಯಪ್ಪೇ ಇರಲಿಲ್ಲ.

ಇಷ್ಟೇ ಅಲ್ಲ. 2007ರಲ್ಲಿ ಬಂದ ಟ್ವಿಟರಿಫಿಕ್ ತನ್ನ ಐಕಾನ್‌ನಲ್ಲಿ ಹಕ್ಕಿ ಇಟ್ಟಿತ್ತು, ಟ್ವಿಟರ್ ಅದನ್ನು ಗುರುತಾಗಿ ಮಾಡಿಕೊಳ್ಳುವ ಮೊದಲೇ. ಬರಹಕ್ಕೆ 'ಟ್ವೀಟ್' ಅಂತ ಕರೆದಿದ್ದೂ ಆ ಆ್ಯಪ್ಪೇ ಮೊದಲು. ಸುಮಾರು ಹದಿನಾರು ವರ್ಷ ಜೊತೆಗಿದ್ದವರಿಗೆ ಒಂದು ಮಾತೂ ಹೇಳದೆ ಬಾಗಿಲು ಹಾಕಿದ್ದು ತಪ್ಪು. ನನಗೆ ಇದರಲ್ಲಿ ಎರಡು ಮಾತಿಲ್ಲ.

ಹಾಗಾದರೆ ಜನ ಹೋಗಿದ್ದೆಲ್ಲಿಗೆ? ತುಂಬಾ ಜನ ಮಾಸ್ಟೊಡಾನ್‌ಗೆ, ಅದು ಟ್ವಿಟರ್‌ನಂಥದೇ ಇನ್ನೊಂದು ತಾಣ. ಟ್ವೀಟ್‌ಬಾಟ್ ಮಾಡಿದ ಟ್ಯಾಪ್‌ಬಾಟ್ಸ್ ಕಂಪನಿ ಜನವರಿ 24ಕ್ಕೇ ಮಾಸ್ಟೊಡಾನ್‌ಗೆ ಅಂತ ಐವರಿ ಆ್ಯಪ್ ಬಿಟ್ಟಿತು. ಆದರೆ ಟ್ವೀಟ್‌ಬಾಟ್‌ಗೆ ವರ್ಷದ ಚಂದಾ ಕಟ್ಟಿದ್ದವರಿಗೆ ಉಳಿದ ದುಡ್ಡು ವಾಪಸ್ ಹೋಗಬೇಕಿತ್ತು, ಇಂಥ ಸಣ್ಣ ಕಂಪನಿಗೆ ಅದು ದೊಡ್ಡ ಪೆಟ್ಟು. ಅದಕ್ಕೆ ಟ್ವೀಟ್‌ಬಾಟ್‌ನ ಕೊನೆಯ ಅಪ್‌ಡೇಟ್‌ನಲ್ಲಿ ಒಂದು ಬಟನ್ ಇಟ್ಟರು: ನನಗೆ ದುಡ್ಡು ವಾಪಸ್ ಬೇಡ. ಟ್ವಿಟರಿಫಿಕ್‌ನವರೂ ಇದೇ ಕೇಳಿಕೊಂಡರು. ಆ್ಯಪ್ ಬಳಸುವವರಿಗೂ ಅದನ್ನು ಮಾಡಿದವರಿಗೂ ಇಂಥ ನಂಟು ಇತ್ತು. ಹಾಗಿರುವಾಗ ಜನ ಅವರ ಹಿಂದೆ ಹೋಗದೆ ಇನ್ನೇನು?

ರೆಡಿಟ್ ಅನ್ನೋ ಚರ್ಚೆಯ ತಾಣದಲ್ಲೂ ಇಂಥದ್ದೇ ಆಯಿತು. ಟೈಮ್ ಕಡಿಮೆ ಇದೆ, ಚುಟುಕಾಗಿ ಹೇಳುತ್ತೇನೆ. ಅದೇ ವರ್ಷ ಅವರು ಎಪಿಐಗೆ ದರ ಹಾಕಿದರು, 5 ಕೋಟಿ ವಿನಂತಿಗೆ (ಆ್ಯಪ್ ಮಾಹಿತಿ ಕೇಳಿದ ಪ್ರತಿ ಸಲ ಒಂದು ವಿನಂತಿ) 12,000 ಡಾಲರ್. ರೆಡಿಟ್ ನೋಡಲು ಹೊರಗಿನವರು ಮಾಡಿದ ಅಪೊಲೊ ಆ್ಯಪ್‌ಗೆ ವರ್ಷಕ್ಕೆ ಸುಮಾರು 2 ಕೋಟಿ ಡಾಲರ್ ಆಗುತ್ತಿತ್ತು. ಜೂನ್ 12ರಿಂದ ಸಾವಿರಾರು ಸಬ್‌ರೆಡಿಟ್‌ಗಳು, ಅಂದರೆ ರೆಡಿಟ್‌ನೊಳಗಿನ ಗುಂಪುಗಳು, ಪ್ರತಿಭಟಿಸಿ ಬಾಗಿಲು ಹಾಕಿದವು, ದರ ಇಳಿಯಲಿಲ್ಲ, ಜೂನ್ 30ಕ್ಕೆ ಅಪೊಲೊ ಮುಚ್ಚಿತು. ಕೆಲವರು ರೆಡಿಟ್‌ನಂಥದೇ ಆದ ಲೆಮ್ಮಿಗೆ ಹೋದರು. ಕಣ್ಣು ಕಾಣದವರಿಗೆ ಹೊರಗಿನ ಆ್ಯಪ್‌ಗಳೇ ಆಸರೆಯಾಗಿದ್ದವು, ಅಧಿಕೃತ ಆ್ಯಪ್, ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಜೊತೆ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಅವರು ಗಟ್ಟಿಯಾಗಿ ಕೇಳಿದ ಮೇಲೆ ರೆಡ್‌ರೀಡರ್, ಡಿಸ್ಟೋಪಿಯಾದಂಥ ಕೆಲವು ಆ್ಯಪ್‌ಗಳಿಗೆ ರೆಡಿಟ್ ವಿನಾಯಿತಿ ಕೊಟ್ಟಿತು.